ಕೆನ್ನೆಯ ಪ್ರಶ್ನೆ ಸಾಕು, ಕತ್ತೆಯದನ್ನು ಕೇಳಿ

"ನೀವು ಕ್ರಿಶ್ಚಿಯನ್ನರು ಅಲ್ವಾ? ಒಂದು ಕೆನ್ನೆಗೆ ಹೊಡೆದರೆ ನಿಜವಾಗಿಯೂ ಇನ್ನೊಂದು ತೋರಿಸ್ತೀರಾ?"

ಕಾಲೇಜಿನಲ್ಲಿ ಕೇಳಿದರು, ಆಫೀಸಿನಲ್ಲಿ ಕೇಳಿದರು, ಬಾಡಿಗೆ ಮನೆ ನೋಡಲು ಹೋದಾಗಲೂ ಕೇಳಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಬ್ಬರು ಕೇಳಿ ಸುಮ್ಮನಾಗಲಿಲ್ಲ. ಒಂದು ಗೃಹಪ್ರವೇಶದ ಊಟ. ಪಕ್ಕದ ಎಲೆಯವರು ಎಡಗೈಯಿಂದ ನನ್ನ ಕೆನ್ನೆ ತಟ್ಟಿ, "ಎಲ್ಲಿ, ಇನ್ನೊಂದು ತೋರಿಸಿ ನೋಡೋಣ" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಅವರಿಗೆ ಉತ್ತರ ಬೇಕಿರಲಿಲ್ಲ. ನಾನು ಪುಕ್ಕಲ, ಇಲ್ಲವೇ ಸುಳ್ಳುಗಾರ ಎಂದು ತೋರಿಸಬೇಕಿತ್ತು, ಅಷ್ಟೇ.

ಹೋಗಲಿ. ಕೆನ್ನೆಯ ಮಾತು ನಮ್ಮ ಸತ್ಯವೇದದ, ಅಂದರೆ ಬೈಬಲಿನ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಯೇಸು ಅಲ್ಲಿ ಬಲಗೆನ್ನೆ ಎಂದೇ ಹೇಳುತ್ತಾನೆ. ಎದುರು ನಿಂತವನ ಬಲಗೈ ನಿಮ್ಮ ಬಲಗೆನ್ನೆಗೆ ಬೀಳಬೇಕಾದರೆ ಅವನು ಕೈಯ ಹಿಂಬದಿಯಿಂದ ಬೀಸಬೇಕು. ಅದು ಅವಮಾನ ಮಾಡಲು ಕೊಡುವ ಏಟು ಎಂದು ಅರ್ಥ ಹೇಳುವವರಿದ್ದಾರೆ. ಇನ್ನೊಂದು ಕೆನ್ನೆ ಕೊಟ್ಟವನು ಓಡಿಹೋಗಿಲ್ಲ, ತಿರುಗಿ ಹೊಡೆದೂ ಇಲ್ಲ. ಅಲ್ಲೇ ನಿಂತಿದ್ದಾನೆ. ಹೇಡಿತನ ಎನ್ನುವವರು ಒಮ್ಮೆ ಹಾಗೆ ನಿಂತು ನೋಡಲಿ.

ವೈರಿಯ ಬಗ್ಗೆ ಸತ್ಯವೇದದಲ್ಲಿ ಇರುವುದು ಇದೊಂದೇ ಮಾತು ಎಂಬಂತೆ ಕೇಳುತ್ತಾರಲ್ಲ, ಅದೇ ನನಗೆ ಜಾಸ್ತಿ ಬೇಸರ. ಯೇಸುವಿಗಿಂತ ಎಷ್ಟೋ ಶತಮಾನ ಹಿಂದಿನ ಕಥೆ ಅದರಲ್ಲೇ ಎರಡನೇ ಅರಸುಗಳು ಎಂಬ ಪುಸ್ತಕದ 6ನೇ ಅಧ್ಯಾಯದಲ್ಲಿದೆ. ಇಸ್ರಾಯೇಲಿನ ಪ್ರವಾದಿ ಎಲೀಷನನ್ನು ಹಿಡಿಯಲು ಬಂದ ವೈರಿಗಳಾದ ಅರಾಮ್ಯರ ಸೈನ್ಯ ಕಣ್ಣು ಕಾಣದಂತಾಗಿ ರಾಜಧಾನಿ ಸಮಾರ್ಯದ ನಡುವೆಯೇ ಸಿಕ್ಕಿಬೀಳುತ್ತದೆ. "ಹೊಡೆಯಲೇ? ಹೊಡೆದುಬಿಡಲೇ?" ಎಂದು ಇಸ್ರಾಯೇಲಿನ ಅರಸ ಚಡಪಡಿಸುತ್ತಾನೆ. ಬೇಡ, ಊಟ ಹಾಕು ಎನ್ನುತ್ತಾನೆ ಎಲೀಷ. ದೊಡ್ಡ ಔತಣವೇ ಆಗುತ್ತದೆ. ತಿಂದು, ಕುಡಿದು, ತಮ್ಮ ಊರಿಗೆ ಹೋಗುತ್ತಾರೆ. ಸುಲಿಗೆ ದಂಡುಗಳು ಬರುವುದು ನಿಲ್ಲುತ್ತದೆ. ಮುಂದಿನ ವಚನದಲ್ಲೇ ಅರಾಮಿನ ಅರಸ ಮತ್ತೆ ಮುತ್ತಿಗೆ ಹಾಕಿದ್ದೂ ಇದೆ, ಅದನ್ನು ಬಚ್ಚಿಡುವುದಿಲ್ಲ. ಆದರೆ ಊಟ ಹಾಕಿದ್ದು ತಪ್ಪಾಯಿತು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ನನ್ನನ್ನು ನಿಜಕ್ಕೂ ಕೇಳಬೇಕಾದದ್ದು ಕತ್ತೆಯ ಪ್ರಶ್ನೆ. ಸತ್ಯವೇದದ ವಿಮೋಚನಕಾಂಡ ಎಂಬ ಪುಸ್ತಕದ 23ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಬಿಟ್ಟು ಹೋಗಬೇಡ, ಅವನ ಜೊತೆ ಸೇರಿ ಕೈ ಹಾಕು. ಅವನ ಜೊತೆ! ಮೊದಲು ಮನಸ್ಸಲ್ಲಿ ಪ್ರೀತಿ ಹುಟ್ಟಲಿ, ಆಮೇಲೆ ನೋಡೋಣ ಎಂದಿಲ್ಲ.

ನಮ್ಮಪ್ಪ ಒಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರು. ಅವರು ಕಟ್ಟಲಿಲ್ಲ. ಆರು ವರ್ಷ ಅಪ್ಪ ಕಟ್ಟಿದರು. ಹೋದ ಮಳೆಗಾಲ ಸಂತೆಯಿಂದ ಬರುವಾಗ ನೋಡಿದರೆ ಅದೇ ಮನುಷ್ಯ. ಬೈಕ್ ಮಗುಚಿದೆ, ಹಿಂಡಿ ಮೂಟೆ ಕೆಸರಲ್ಲಿದೆ. ದಾಟಿ ಹೋದೆ. ಸೇತುವೆ ತನಕ ಹೋದೆ. ಅಲ್ಲಿ ನಿಂತು ಗಾಡಿ ತಿರುಗಿಸಿದೆ.

ಮೂಟೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಹಗ್ಗ ಬಿಗಿಯುವಾಗ ಮುಖ ನೋಡದೆ, "ಅಪ್ಪ ಹೇಗಿದ್ದಾರಪ್ಪಾ?" ಎಂದರು.

"ಇದ್ದಾರೆ" ಎಂದೆ.

ದುಡ್ಡು ಇನ್ನೂ ಬಂದಿಲ್ಲ. ಕೊಡಬೇಕಾದದ್ದು ಕೊಡಲೇಬೇಕು ಎಂದು ಈಗಲೂ ಹೇಳುತ್ತೇನೆ. ಮೂಟೆಯನ್ನು ಮಾತ್ರ ಅವತ್ತು ಜಾರದ ಹಾಗೆ ಬಿಗಿದು ಕಟ್ಟಿದ್ದೆ.