ಮಗು ಎಷ್ಟು ಸಲ ಹೇಳಬೇಕು?

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಕಾಯ್ದೆ) ಪ್ರಕರಣದಲ್ಲಿ ಮಗು ನಡೆದದ್ದನ್ನು ಹೆಚ್ಚಾಗಿ ಮೊದಲು ಹೇಳುವುದು ಅಮ್ಮನಿಗೋ ಟೀಚರಿಗೋ. ಆಮೇಲೆ ಹೆಡ್‌ಮಾಸ್ಟರು, ಸಮಾಜ ಕಾರ್ಯಕರ್ತೆ, ಎಸ್‌ಐ, ಡಾಕ್ಟರು, ಮ್ಯಾಜಿಸ್ಟ್ರೇಟರು ಎಲ್ಲರೂ ಮೊದಲಿಂದ ಕೇಳುತ್ತಾರೆ. ಹೇಳಿ ಹೇಳಿ ದಿನ, ಹೊತ್ತು, ಕೋಣೆ ಅದಲುಬದಲಾಗುತ್ತದೆ. ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಅದನ್ನೇ.

ಹಾಗಾಗಿ ಮೊದಲು ಕೇಳಿಸಿಕೊಂಡವರು ದೂರು ಕೊಡಲು ಬೇಕಾದಷ್ಟೇ ಕೇಳಬೇಕು: ಯಾರು, ಎಲ್ಲಿ, ಮಗು ಈಗ ಸುರಕ್ಷಿತವೇ. ಮಗುವಿನ ಮಾತು ಇದ್ದ ಹಾಗೇ ಬರೆದು ತಾರೀಕು, ಗಂಟೆ ಹಾಕಿ. ‘ಅವನು ಹೀಗೆ ಮಾಡಿದನಾ?’ ಎಂದು ಬಾಯಿಗೆ ಮಾತು ಕೊಡಬೇಡಿ. ನಂತರ ಠಾಣೆಗೆ, ತುರ್ತು ಸಂಖ್ಯೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಶಾಲೆಗಳ ‘ಆಂತರಿಕ ವಿಚಾರಣೆ’ಯಷ್ಟು ಕೇಸು ಕೆಡಿಸುವುದು ಬೇರೊಂದಿಲ್ಲ. ಕೈಕೆಳಗಿನವರ ಮೇಲಿನ ದೂರು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಿದೆ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಜೊತೆಗೆ ಸಮಿತಿಗೆ ಹೋಗುವ ‘ಬಿ’ ನಮೂನೆಯಲ್ಲಿ (ಮಗುವಿನ ಸ್ಥಿತಿಯ ಪ್ರಾಥಮಿಕ ವರದಿ) ಆರೋಪಿಗೂ ಮಗುವಿಗೂ ಇರುವ ಸಂಬಂಧ, ಮನೆಯ ಪರಿಸ್ಥಿತಿ, ಆದಾಯ, ಅಂಗವೈಕಲ್ಯ ಇತ್ಯಾದಿ ಇರುತ್ತದೆ. ಠಾಣೆಯಲ್ಲಿ ಕೂತು ತುಂಬಿದರೆ ಅರ್ಧ ಖಾಲಿ ಉಳಿಯುತ್ತದೆ. ಮನೆಗೆ ಹೋಗಿ ಬಂದ ಸಮಾಜ ಕಾರ್ಯಕರ್ತೆಯ ಜೊತೆ ಕೂತು ತುಂಬಬೇಕು. ಆರೋಪಿ ಅದೇ ಮನೆಯಲ್ಲಿದ್ದರೆ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಮನೆಯಲ್ಲೇ ಇರಬಹುದೇ ಎಂದು ತೀರ್ಮಾನಿಸಲು ಸಮಿತಿಗೆ ಮೂರು ದಿನ.

ಹೇಳಿಕೆ ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದಲ್ಲಿ. ಸಾಧ್ಯವಾದಷ್ಟೂ ಎಸ್‌ಐ ಅಥವಾ ಮೇಲಿನ ದರ್ಜೆಯ ಮಹಿಳಾ ಅಧಿಕಾರಿ ಬರಬೇಕು, ಸಮವಸ್ತ್ರ ಇರಬಾರದು. ಮಫ್ತಿಯಲ್ಲಿ ಬಂದು ಜೀಪನ್ನು ಅಂಗಳದಲ್ಲೇ ನಿಲ್ಲಿಸಿದರೆ ಊರಿಗೆಲ್ಲ ಸುದ್ದಿ. ನಮ್ಮ ಮಂಗಳೂರು ಕಡೆ ತುಳು, ಬ್ಯಾರಿ, ಕೊಂಕಣಿ ಮಾತ್ರ ಬರುವ ಪುಟ್ಟ ಮಕ್ಕಳಿರುತ್ತಾರೆ. ಪೋಕ್ಸೊ ಸೆಕ್ಷನ್ 26ರಂತೆ ದುಭಾಷಿ ಕರೆಸಬಹುದು, ಆದರೆ ಪಕ್ಕದ ಮನೆಯವರನ್ನಲ್ಲ. ಅವರ ಮುಂದೆ ಮಗು ಅರ್ಧ ನುಂಗುತ್ತದೆ.

ಪ್ರಕರಣದುದ್ದಕ್ಕೂ ಮಗುವಿಗೆ ನೆರವಾಗಲು ಸಮಿತಿ ನೇಮಿಸುವ ಬೆಂಬಲ ವ್ಯಕ್ತಿ ಪಕ್ಕದಲ್ಲಿರಲಿ, ಆದರೆ ನೆನಪಿಸುವುದು, ತಿದ್ದುವುದು ಬೇಡ. ಅವರು ತನಿಖಾಧಿಕಾರಿಯಲ್ಲ. ತಮ್ಮ ಕಡತದಲ್ಲಿ ಘಟನೆಯ ಇನ್ನೊಂದು ಆವೃತ್ತಿ ಬರೆದಿಡುವುದೂ ಅಪಾಯ ಎಂದೇ ನನ್ನ ಅಭಿಪ್ರಾಯ. ನಿದ್ದೆ, ಊಟ, ಶಾಲೆ, ಭಯ ಇಷ್ಟೇ ಸಾಕು.

ವೈದ್ಯಕೀಯ ಪರೀಕ್ಷೆಗೆ ಎಫ್‌ಐಆರ್ ಆಗಲೆಂದು ಕಾಯಬೇಕಿಲ್ಲ. ಮಂಗಳೂರಿನ ಲೇಡಿಗೋಶನ್‌ನಂಥ ಸರಕಾರಿ ಆಸ್ಪತ್ರೆಗೆ ನೇರ ಹೋಗಬಹುದು; ಹೆಣ್ಣುಮಗುವಾದರೆ ಮಹಿಳಾ ವೈದ್ಯರೇ ನೋಡಬೇಕು. ಜೈವಿಕ ಸಾಕ್ಷ್ಯ ಸಿಗುವ ಅವಧಿ ಸುಮಾರು 96 ಗಂಟೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಅಲ್ಲಿಯವರೆಗೆ ಮಗುವಿಗೆ ಸ್ನಾನ ಮಾಡಿಸಬಾರದು, ಬಟ್ಟೆ ಒಗೆಯಬಾರದು. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ಪ್ಲಾಸ್ಟಿಕ್ಕಿನಲ್ಲಿ ನಮ್ಮ ಹವೆಗೆ ಬೂಷ್ಟು ಹಿಡಿಯುತ್ತದೆ. ಮನೆಗೆ ಮೊದಲು ತಲುಪುವವರು ಸಮಾಜ ಕಾರ್ಯಕರ್ತರಾದರೆ ಇದನ್ನು ತಾಯಿಗೆ ಅವರೇ ಹೇಳಬೇಕು.

ಅಂದಹಾಗೆ, ಬಾಲನ್ಯಾಯ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕದಲ್ಲೇ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಒಬ್ಬರು ಮಹಿಳೆ. 1960ರಿಂದ ರೋಶನಿ ನಿಲಯ ಕಾಲೇಜು ಸಮಾಜಕಾರ್ಯ ಕಲಿಸುತ್ತಿರುವ ಊರಲ್ಲಿ ಜನ ಸಿಗುವುದಿಲ್ಲ ಎನ್ನುವಂತಿಲ್ಲ.

ರಾಜಿಯ ಒತ್ತಡ ಬರುವುದು ಮೊದಲ ವಾರಗಳಲ್ಲಿ, ಕೂಲಿ ತಪ್ಪಿಸಿಕೊಂಡು ಓಡಾಡುವ ಮನೆಗಳಿಗೆ. ಊಟ, ಬಟ್ಟೆ, ಬಸ್ ಖರ್ಚಿಗೆ ಸಮಿತಿ ವಿಶೇಷ ಪರಿಹಾರ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕೆಂದು 2020ರ ಪೋಕ್ಸೊ ನಿಯಮ ಹೇಳುತ್ತದೆ. ಠಾಣೆಯಿಂದ ಆಗಬೇಕಾದದ್ದು ಒಂದೇ ಫೋನು: ಆರೋಪಿಯ ಜಾಮೀನು ಅರ್ಜಿ ಯಾವತ್ತು ವಿಚಾರಣೆಗೆ ಬರುತ್ತದೆ ಎಂದು ಬೆಂಬಲ ವ್ಯಕ್ತಿಗೆ ಮುಂಚೆಯೇ ತಿಳಿಸುವುದು.