‘ಇಂಟರ್ನೆಟ್‌ನ ಮನೆಮಗ’: ಕನ್ನಡ ಸಬ್‌ಟೈಟಲ್ ಕೆಲಸ, ನಾಲ್ಕನೇ ವಾರ

105 ನಿಮಿಷದ ಚಿತ್ರದಲ್ಲಿ ಅರ್ಧ ದಾಟಿದೆ. ಅಮೆರಿಕದ ಪ್ರೋಗ್ರಾಮರ್, ಇಂಟರ್ನೆಟ್ ಹೋರಾಟಗಾರ ಆರನ್ ಸ್ವಾರ್ಟ್ಜ್ ಬಗ್ಗೆ 2014ರಲ್ಲಿ ಬಂದ ಸಾಕ್ಷ್ಯಚಿತ್ರ ‘ದಿ ಇಂಟರ್ನೆಟ್ಸ್ ಓನ್ ಬಾಯ್’. ‘ಇಂಟರ್ನೆಟ್‌ನ ಹುಡುಗ’ ಅಂದರೆ ಸಪ್ಪೆ ಅನ್ನಿಸುತ್ತಿತ್ತು. ‘ಮನೆಮಗ’ ಅಂದವರು ನಮ್ಮಮ್ಮ. ಅದೇ ಉಳಿಯಿತು.

ಅನುಮತಿ ಇದೆಯಾ ಅಂತ ಕೆಲವರು ಕೇಳಿದ್ದಿರಿ. ಚಿತ್ರಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ಮೂಲದವರ ಹೆಸರು ಹೇಳಬೇಕು, ದುಡ್ಡು ಮಾಡಬಾರದು, ನಮ್ಮ ಕೆಲಸವನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಆ ಪರವಾನಗಿಗಳನ್ನು ಕಂಪ್ಯೂಟರ್ ಕೂಡ ಓದುವಂತೆ ಮಾಡುವ ಕೆಲಸಕ್ಕೆ ಆರನ್ ಕೈ ಹಾಕಿದ್ದು 15ನೇ ವಯಸ್ಸಿನಲ್ಲಿ!

ಅಮೆರಿಕದ ಕೋರ್ಟ್ ದಾಖಲೆಗಳು ಎಲ್ಲರಿಗೂ ಉಚಿತವಾಗಿ ಸಿಗಲಿ ಅಂತ ಆರನ್ ಹೊರಟ ಭಾಗ ಬೇಗ ಮುಗಿಯಿತು. ಸಾರ್ವಜನಿಕ ದಾಖಲೆಗಳು ಎಲ್ಲರಿಗೂ ಸಿಗಬೇಕು ಅಂತ ಕೆಲಸ ಮಾಡುವ ಕಾರ್ಲ್ ಮಲಮುಡ್ ಮಾತಾಡುವಾಗ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೂತೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನಿಂಗ್ ನಡೆದದ್ದರ ಹಿಂದೆ ಅವರೂ ಇದ್ದಾರೆ.

ವಾರವಿಡೀ ಹಿಡಿದದ್ದು ಒಂದು ಕ್ರಿಯಾಪದ. 2010ರ ಕೊನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಿಂದ ಆರನ್, ಸಂಶೋಧನಾ ಲೇಖನಗಳ ಆನ್‌ಲೈನ್ ಭಂಡಾರ ಜೆಸ್ಟೋರ್‌ನ ಲಕ್ಷಗಟ್ಟಲೆ ಲೇಖನಗಳನ್ನು... ಏನು ಮಾಡಿದ? ‘ತೆಗೆದುಕೊಂಡ’ ಅಂದರೆ ಅಲ್ಲಿ ಇನ್ನಿಲ್ಲ ಅಂತಾಗುತ್ತದೆ. ಲೇಖನಗಳೆಲ್ಲ ಅಲ್ಲೇ ಇದ್ದವು. ‘ನಕಲು ಮಾಡಿದ’ ಅಂದರೆ ನಮಗೆ ಪರೀಕ್ಷೆಯ ಚೀಟಿ ನೆನಪಾಗುತ್ತದೆ, ಅಲ್ವಾ? ಸರ್ಕಾರಿ ವಕೀಲರು 2011ರಲ್ಲಿ ಹೇಳಿದ್ದು, ಕಂಪ್ಯೂಟರ್ ಕಮಾಂಡ್ ಬಳಸಿದರೂ ಹಾರೆ ಬಳಸಿದರೂ ಕಳ್ಳತನ ಕಳ್ಳತನವೇ ಅಂತ. ಹಾರೆಯಿಂದ ಬಾಗಿಲು ಮೀಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ ಆ ಮಾತು ಕನ್ನಡದಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಅದನ್ನು ಮೆತ್ತಗೆ ಮಾಡಲಿಲ್ಲ. ಆದರೆ ನಿರೂಪಣೆ ಬರುವ ಕಡೆಯೆಲ್ಲ ‘ಇಳಿಸಿಕೊಂಡ’ ಅಂತಲೇ ಬರೆದೆ. ಜೆಸ್ಟೋರ್ 2011ರಲ್ಲೇ ಅವನ ಜೊತೆ ರಾಜಿಯಾಗಿತ್ತು. ಸರ್ಕಾರ ಬಿಡಲಿಲ್ಲ. ಮುಂದಿನ ವರ್ಷ ಅವನ ಮೇಲಿದ್ದ 4 ಆರೋಪ 13 ಆದವು. 2013ರ ಜನವರಿ 11ರಂದು ಆರನ್ ತನ್ನ ಜೀವ ಕೊನೆಗೊಳಿಸಿಕೊಂಡ. 26 ವರ್ಷ. ಇಷ್ಟೆಲ್ಲ ಆದ ಮೇಲೆ ‘ಕದ್ದ’ ಅಂತ ನನ್ನ ಕೈಯಿಂದ ಬರೆಯಲು ಆಗುವುದಿಲ್ಲ.

ಎರಡು ಸಾಲು ಇದ್ದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನದಕ್ಕೆ ತಾಗುತ್ತಿತ್ತು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಅಕ್ಷರ ಸ್ವಲ್ಪ ಚಿಕ್ಕದು ಮಾಡಿದೆ. ಸರಿಹೋಯಿತು.

ಮುಂದಿನ ವಾರ ಸೋಪಾ ಭಾಗ, ಅಂದರೆ ಆನ್‌ಲೈನ್ ಪೈರಸಿ ತಡೆಯಲು ಅಮೆರಿಕದಲ್ಲಿ ತಂದ ಮಸೂದೆ. ಅದನ್ನು ವಿರೋಧಿಸಿ 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ತಾನಾಗಿ ಪುಟ ಮುಚ್ಚಿತ್ತು. ‘ಬ್ಲ್ಯಾಕೌಟ್’ಗೆ ಒಳ್ಳೆಯ ಪದ ಬೇಕು. ಕರೆಂಟು ಹೋದ ಹಾಗೆ ಕೇಳಬಾರದು. ಹೊಳೆದರೆ ಹೇಳಿ.