ಕೀಬೋರ್ಡಿನ ಕೀ ಕೊಲ್ವಾದಲ್ಲಿತ್ತು

2024ರ ಡಿಸೆಂಬರ್ 24, ಸಂಜೆ ಏಳು ದಾಟಿ ಐದು ನಿಮಿಷ. ಏಳೂವರೆಗೆ ಆರಾಧನೆ. ನಾನು ಚರ್ಚಿನ ವೆಸ್ಟ್ರಿಯ, ಅಂದರೆ ಪಾಲಕರು ಗೌನ್ ಹಾಕಿಕೊಳ್ಳುವ ಕೋಣೆಯ, ಕಬ್ಬಿಣದ ಕಪಾಟಿನ ಮುಂದೆ ನಿಂತಿದ್ದೆ. ಕಪಾಟಿಗೆ ಬೀಗ, ಒಳಗೆ ಕೀಬೋರ್ಡ್. ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ. ಹೊಸ ಬೂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಏಳು ತಿಂಗಳಿಂದ ಕ್ಲಾಸಿಗೆ ಹೋಗುತ್ತಿದ್ದ ಅವನೇ ಅವತ್ತಿನ ನಮ್ಮ ಕೀಬೋರ್ಡಿಸ್ಟ್.

"ಕೀ ಎಲ್ಲಿ ಅಯ್ಯನವರೇ?" ಎಂದ.

ಕೀ ಯಾರ ಹತ್ತಿರ ಇದೆ ಎಂದು ನನಗೆ ಗೊತ್ತಿತ್ತು. ಮೂರು ದಿನದ ಹಿಂದೆ ಅವನ ಹೆಸರನ್ನು ನಾನೇ ಹಾಡುವವರ ಲಿಸ್ಟಿನಿಂದ ಹೊಡೆದು ಹಾಕಿದ್ದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಚರ್ಚಿನ ಪಾಲಕ, ಗದಗ ಕಡೆಯವನು. ಆ ವರ್ಷ ಜೂನ್‌ನಲ್ಲಿ ವರ್ಗವಾಗಿ ಕಾರವಾರದ ಹತ್ತಿರದ ಈ ಸಣ್ಣ ಸಭೆಗೆ ಬಂದೆ. ಸಾಮಾನು ಬಿಚ್ಚುವಷ್ಟರಲ್ಲಿ ಮಳೆ. ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್. ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಮುರಿದು ಬಿತ್ತು. ಈ ಗಲಾಟೆಯಲ್ಲಿ ಮನೆಮನೆ ಭೇಟಿ ಅರ್ಧಕ್ಕೇ ನಿಂತಿತು. ಜನರ ಪರಿಚಯ ಆಗುವ ಮೊದಲು ಅವರ ಹಾಜರಿ ಪುಸ್ತಕದ ಪರಿಚಯ ಆಯಿತು.

ಹಿಂದಿನ ಊರಿನಲ್ಲಿ ನಾನು ಕ್ವಾಯರ್, ಅಂದರೆ ಹಾಡುವ ತಂಡ, ಕಟ್ಟಿದ್ದೇ ಹಾಜರಿಯಿಂದ. ಅದು ಪೇಟೆ ಸಭೆ. ಎಲ್ಲರ ಮನೆಯೂ ಎರಡು ಕಿಲೋಮೀಟರ್ ಒಳಗೆ, ಎಲ್ಲರಿಗೂ ಭಾನುವಾರ ರಜೆ. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಅಂದುಕೊಂಡೆ. ಅಕ್ಟೋಬರ್‌ನಲ್ಲಿ ನಿಯಮ ತಂದೆ. ಶನಿವಾರ ಸಂಜೆ ಏಳಕ್ಕೆ ಪ್ರಾಕ್ಟೀಸ್. ಮೂರು ತಪ್ಪಿಸಿದರೆ ಕ್ರಿಸ್ಮಸ್ಸಿಗೆ ಹಾಡುವ ಹಾಗಿಲ್ಲ. ಹದಿನೈದು ನಿಮಿಷ ತಡವಾದರೆ ಅರ್ಧ ಗೈರು. ಕಮಿಟಿಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಮ್ಮ ಕಮಿಟಿಯಲ್ಲಿ ಹೊಸ ಅಯ್ಯನವರಿಗೆ ಮೊದಲ ವರ್ಷ ಯಾರೂ ಬೇಡ ಎನ್ನುವುದಿಲ್ಲವಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ತಮಾಷೆ ಏನೆಂದರೆ, ಇದಕ್ಕೆ ಒಂದೆರಡು ವಾರ ಮೊದಲು, ಸೆಪ್ಟೆಂಬರ್ ಕೊನೆಯ ಭಾನುವಾರ, ನಾನು ಐಕ್ಯತೆಯ ಮೇಲೆ ನಲವತ್ತು ನಿಮಿಷ ಪ್ರಸಂಗ ಮಾಡಿದ್ದೆ. ಹಲವು ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದ ಕತೆ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರುವಾಗಿದ್ದು, 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಮುಗಿದದ್ದು. ಇಪ್ಪತ್ತೆಂಟು ವರ್ಷ! ಜಾಸ್ತಿ ಜಗ್ಗಾಡಿದ್ದು ಅಧಿಕಾರದ ವಿಷಯದಲ್ಲೇ. ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯವರಿಗೆ, ಬಿಷಪ್ ಇರಲೇಬೇಕು. ಉಳಿದವರಲ್ಲಿ ಬಿಷಪ್ಪರ ಪದ್ಧತಿಯೇ ಇರಲಿಲ್ಲ. ಹಾಗಾದರೆ ಬಿಷಪ್ಪರ ಕೈಯಿಂದ ದೀಕ್ಷೆ ಆಗದ ಪಾಲಕರ ಗತಿ ಏನು? ಅವರಿಗೆ ಮತ್ತೆ ದೀಕ್ಷೆ ಕೊಡಬೇಕಾ? ಬೇಡ, ಇದ್ದವರು ಇದ್ದ ಹಾಗೇ ಇರಲಿ, ಮೂವತ್ತು ವರ್ಷ ಒಟ್ಟಿಗೆ ಬಾಳಿ ನೋಡೋಣ ಎಂದರು. ಒಂದು ಸಭೆಯ ಮನಸ್ಸಾಕ್ಷಿ ಒಪ್ಪದ ಆರಾಧನಾ ಪದ್ಧತಿಯನ್ನಾಗಲಿ ಸೇವಕರನ್ನಾಗಲಿ ಅದರ ಮೇಲೆ ಹೇರುವುದಿಲ್ಲ ಎಂದು ಮಾತು ಕೊಟ್ಟರು. ಇದನ್ನೆಲ್ಲ ನಾನು ಕೈ ಎತ್ತಿ ಎತ್ತಿ ಹೇಳಿದ್ದೆ. ವೆಸ್ಟ್ರಿಗೆ ಬಂದು ಗೌನ್ ಬಿಚ್ಚಿ, ಹಾಜರಿ ಪುಸ್ತಕಕ್ಕೆ ಸ್ಕೇಲು ಹಿಡಿದು ಗೆರೆ ಎಳೆದೆ.

ಡಿಸೆಂಬರ್ 21ರ ಶನಿವಾರ ಲೆಕ್ಕ ಮುಗಿಯಿತು. ಹದಿನಾಲ್ಕು ಜನರಲ್ಲಿ ನಾಲ್ವರು ಔಟ್. ಕೀಬೋರ್ಡ್ ನುಡಿಸುವ ಹುಡುಗ ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಒಬ್ಬರು ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಡ್ಯೂಟಿಯವರು, ನಮ್ಮ ಒಳ್ಳೇ ಬೇಸ್ ದನಿ ಅದೊಂದೇ. ಒಬ್ಬರು ನರ್ಸ್. ನಾಲ್ಕನೆಯವಳು ಸದಾಶಿವಗಡದಿಂದ ಬರುವ ಹುಡುಗಿ. ಹಳೇ ಸೇತುವೆ ಹೋದ ಮೇಲೆ ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೇ. ಅವಳು ಪ್ರತಿ ವಾರ ಬಂದಿದ್ದಳು, ಪ್ರತಿ ವಾರ ಇಪ್ಪತ್ತು ನಿಮಿಷ ತಡ. ಆರು ಅರ್ಧ ಸೇರಿದರೆ ಮೂರು. ಲೆಕ್ಕ ಸರಿ ಇತ್ತು.

ರಾತ್ರಿ 10:40ಕ್ಕೆ ಕ್ವಾಯರ್ ಗ್ರೂಪಿಗೆ ನಾಲ್ಕೂ ಹೆಸರು ಹಾಕಿದೆ. ಬೆಳಿಗ್ಗೆ ನೋಡಿದರೆ ಹದಿಮೂರು ಜನ ಓದಿದ್ದರು. ಒಬ್ಬರೂ ಒಂದು ಓಕೆ ಹಾಕಿರಲಿಲ್ಲ. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಈ ವಾಟ್ಸಾಪಿನಲ್ಲಿ ಮೌನ ಅಂದರೆ ಒಪ್ಪಿಗೆಯೋ ಸಿಟ್ಟೋ ಗೊತ್ತಾಗುವುದಿಲ್ಲ. ಎದುರಿಗೆ ನಿಂತು ಹೇಳಿದ್ದರೆ ಮುಖ ನೋಡಿಯೇ ತಿಳಿಯುತ್ತಿತ್ತು. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಗ್ರೂಪಿಗೆ ಹಾಕಿದ್ದೆ ಅಲ್ವಾ. ಮರುದಿನ ಭಾನುವಾರ ಸಂಡೆ ಸ್ಕೂಲ್ ಮಕ್ಕಳ ಕಾರ್ಯಕ್ರಮ. ಹಾಡೆಲ್ಲ ಪೆನ್‌ಡ್ರೈವ್‌ನಲ್ಲಿ. ಕ್ವಾಯರಿನ ಕೆಲಸ ಬೀಳಲಿಲ್ಲ, ಕಪಾಟನ್ನೂ ಯಾರೂ ನೋಡಲಿಲ್ಲ.

ಹಾಗಾಗಿ 24ರ ಸಂಜೆ ಆ ಬೀಗದ ಮುಂದೆ.

ಗೋವಾದ ಹುಡುಗನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹೊರಗೆ ಇಣುಕಿದೆ. ಜನ ಬರುತ್ತಿದ್ದರು, ಸೀರೆ ಸರಬರ, ಮಕ್ಕಳ ಪೀಪಿ. ಬಲಗಡೆ ಕ್ವಾಯರಿನ ಎರಡು ಬೆಂಚು ಖಾಲಿ. ಆರೂವರೆಗೆ ಬರಬೇಕಾದ ಹತ್ತು ಜನರಲ್ಲಿ ಒಬ್ಬರೂ ಇಲ್ಲ. 7:12ಕ್ಕೆ ಅವನೇ ತಿರುಗಿ ಫೋನ್ ಮಾಡಿದ. ಹಿಂದೆ ಪ್ಲೇಟುಗಳ ಸದ್ದು.

"ಅಯ್ಯೋ, ಕೀ ನನ್ನ ಬ್ಯಾಗಲ್ಲೇ ಉಳೀತು. ನಾನು ಕೊಲ್ವಾದಲ್ಲಿದ್ದೇನೆ ಅಯ್ಯನವರೇ, ನಾಳೆ ಬೆಳಿಗ್ಗೆವರೆಗೆ ಡ್ಯೂಟಿ." ದನಿಯಲ್ಲಿ ಸಿಟ್ಟೇ ಇಲ್ಲ. "ಒಂದು ಕೆಲಸ ಮಾಡಿ. ಅಕ್ಕೋರಿಗೆ ಹೇಳಿ, ಶ್ರುತಿ ಅವರು ಹಿಡೀತಾರೆ. ಮೊದಲನೇದನ್ನು ಡಿ ಶ್ರುತಿಯಲ್ಲಿ ಎತ್ತಬೇಡಿ, ಗಂಡಸರಿಗೆ ಮೇಲಾಗ್ತದೆ. ಸಿಯಲ್ಲಿ ಹಾಡಿ." ಒಂದು ಕ್ಷಣ ಬಿಟ್ಟು, "ಹೇಗೂ ನಾನು ಲಿಸ್ಟಲ್ಲಿ ಇಲ್ಲ ಬಿಡಿ" ಎಂದು ನಕ್ಕ. ಆ ನಗು ಇನ್ನೂ ಚುಚ್ಚುತ್ತದೆ.

ಅಕ್ಕೋರನ್ನು ಹುಡುಕಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಕ್ವಾಯರಿನಲ್ಲಿ ಎಲ್ಲರಿಗಿಂತ ಹಿರಿಯರು. ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಸದಾಶಿವಗಡದ ಹುಡುಗಿ, ಆಮೇಲೆ ನರ್ಸ್, ಆಮೇಲೆ ಸಾಲಾಗಿ ಕ್ವಾಯರಿನವರೆಲ್ಲ. ಆ ಸಾಲಿನ ತುದಿಯಲ್ಲಿ ನನ್ನ ಹೆಂಡತಿ. ಮನೆಯಲ್ಲಿ ಒಂದು ಮಾತು ಆಡಿರಲಿಲ್ಲ.

ನಾನು ಬಗ್ಗಿ, ಮೆಲ್ಲಗೆ, "ಅಕ್ಕೋರೇ, ಮುಂದೆ ಬನ್ನಿ, ಟೈಮ್ ಆಯ್ತು" ಎಂದೆ.

"ನಿಯಮ ಅಲ್ವಾ ಅಯ್ಯನವರೇ. ನೀವು ನಾಲ್ಕು ಹೆಸರು ತೆಗೆದಿರಿ. ಬಾಕಿ ಹತ್ತು ನಾವೇ ತೆಗೆದುಕೊಂಡೆವು."

ಗಡಿಯಾರದಲ್ಲಿ 7:24. ಗೌನಿನ ಒಳಗೆ ಬೆವರು ಇಳಿಯುತ್ತಿತ್ತು. ಆಗಲಾದರೂ "ತಪ್ಪಾಯಿತು" ಅನ್ನಬಹುದಿತ್ತು. ನಾನು ಅಂದದ್ದು, "ಇದನ್ನು ಆಮೇಲೆ ಮಾತಾಡೋಣ." ಅವರು ಕೀರ್ತನೆ ಪುಸ್ತಕ ಬಿಚ್ಚಿ ಕನ್ನಡಕ ಹಾಕಿಕೊಂಡರು. ಮಾತು ಮುಗಿಯಿತು ಎಂದರ್ಥ.

ಮೊದಲ ಕೀರ್ತನೆ ನಾನೇ ಎತ್ತಿದೆ. ಡಿಯಲ್ಲೋ ಈಯಲ್ಲೋ ದೇವರಿಗೇ ಗೊತ್ತು. ಎರಡನೇ ಸಾಲಿಗೆ ನನ್ನ ಗಂಟಲು ಕೈಕೊಟ್ಟಿತು. ಸಭೆ ಅರ್ಧ ಹಾಡಿ ಅರ್ಧ ಕೆಮ್ಮಿತು. ಎರಡನೇ ಕೀರ್ತನೆಗೆ ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕೋರು ಶ್ರುತಿ ಹಿಡಿದರು. ಅವತ್ತಿನ ಎಲ್ಲ ಹಾಡೂ ಕೊನೆಯ ಸಾಲಿನಿಂದಲೇ ಬಂದವು. ಕ್ವಾಯರ್ ಬೆಂಚು ಕೊನೆವರೆಗೂ ಖಾಲಿ. ಆ ಖಾಲಿ ಬೆಂಚಿನ ಪಕ್ಕ ನಾನು ಒಬ್ಬನೇ ನಿಂತ ಫೋಟೋ ಯಾರದೋ ಸ್ಟೇಟಸ್ಸಿಗೆ ಹೋಯಿತು. ಕೆಳಗೆ 'ಹ್ಯಾಪಿ ಕ್ರಿಸ್ಮಸ್' ಅಂತ ಬೇರೆ.

26ಕ್ಕೆ ಅಕ್ಕೋರ ಮನೆಗೆ ಹೋದೆ. ಕರ್ಜಿಕಾಯಿ ಕೊಟ್ಟರು, ಚಾ ಕೊಟ್ಟರು. ನಾನು ಶಿಸ್ತು, ಬದ್ಧತೆ ಅಂತ ಇನ್ನೂ ಏನೇನೋ ಹೇಳುತ್ತಲೇ ಇದ್ದೆ. ಕೇಳಿ ಕೇಳಿ ಸಾಕಾಗಿ ಅವರು ಕೇಳಿದರು, "ಪೌಲನಿಗೂ ಬಾರ್ನಬನಿಗೂ ಜಗಳ ಎಂತಕ್ಕೆ ಆಯಿತು?"

ಬೈಬಲಿನ ಗೊತ್ತಿದ್ದ ಕತೆಯೇ. ಇಬ್ಬರೂ ಊರೂರು ತಿರುಗಿ ಸುವಾರ್ತೆ ಸಾರಿದವರು. ಜೊತೆಗಿದ್ದ ಮಾರ್ಕನು ಪಂಫುಲ್ಯದಲ್ಲಿ ಅರ್ಧ ದಾರಿಗೆ ಬಿಟ್ಟು ಹೋದ, ಅಂಥವನು ಬೇಡ ಎಂದ ಪೌಲ. ಬಾರ್ನಬ ಅವನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದ. ಕೊನೆಗಾಲದಲ್ಲಿ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಎಂದು ತಿಮೊಥೆಯನಿಗೆ ಕಾಗದ ಬರೆದ.

"ನಿಮ್ಮ ಪುಸ್ತಕದಲ್ಲಿ ಮಾರ್ಕನಿಗೆ ಎಷ್ಟು ಗೈರು ಬೀಳ್ತಿತ್ತು?" ಎಂದರು ಅಕ್ಕೋರು. ನಾನು ಇನ್ನೊಂದು ಕರ್ಜಿಕಾಯಿ ತೆಗೆದುಕೊಂಡೆ.

ಆ ವಾರ ನಾಲ್ಕೂ ಮನೆಗೆ ಹೋದೆ. ಜೂನ್‌ನಲ್ಲೇ ಆಗಬೇಕಿದ್ದ ಭೇಟಿ. ಕೈಗಾದವರ ಮನೆಯಲ್ಲಿ ಒಂದನೇ ಘಟಕ 2018ರಲ್ಲಿ 962 ದಿನ ಒಂದೇ ಸಮನೆ ಓಡಿ ದಾಖಲೆ ಮಾಡಿದ ಸುದ್ದಿ ಬಂತು. ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಬೇರೆಯದೇ ಹೊಳೆಯುತ್ತಿತ್ತು. ಆ 962 ದಿನಗಳಲ್ಲಿ ಶನಿವಾರಗಳೇ 138 ಇದ್ದವು. ಯಾರೋ ಆ ಸಂಜೆಗಳಲ್ಲೂ ಡ್ಯೂಟಿಯಲ್ಲಿ ಕೂತಿದ್ದರಲ್ಲ.

ನಿಯಮವೇ ಬೇಡ ಎಂದು ನಾನು ಈಗಲೂ ಹೇಳುವುದಿಲ್ಲ. ಕಾಣಿಕೆ ಎಣಿಸುವಾಗ ಇಬ್ಬರು ಇರಲೇಬೇಕು, ವೌಚರಿಗೆ ಎರಡು ಸಹಿ ಬೇಕೇ ಬೇಕು. ಆ ವಿಷಯದಲ್ಲಿ ನಾನು ಕೆಟ್ಟವನು, ಖಜಾಂಚಿಯವರನ್ನೇ ಕೇಳಿ. ದುಡ್ಡಿಗೆ ಹಾಕುವ ಬೀಗವನ್ನು ಜನರಿಗೂ ಹಾಕಲು ಹೋಗಿದ್ದೆ.

ಈಗ ಪ್ರಾಕ್ಟೀಸಿಗೆ ಗೊತ್ತಾದ ದಿನ ಇಲ್ಲ. ಶಿಫ್ಟ್ ಚಾರ್ಟ್ ನೋಡಿಕೊಂಡು ಅಕ್ಕೋರು ದಿನ ಹೇಳುತ್ತಾರೆ, ಒಮ್ಮೊಮ್ಮೆ ಗೋವಾದ ರೈಲು ಬಂದ ಮೇಲೆ ರಾತ್ರಿ ಒಂಬತ್ತೂವರೆಗೆ. ಸೊಳ್ಳೆ ಕಾಟ, ನನಗೆ ನಿದ್ದೆ ಹಾಳು. ಇಬ್ಬರು ಕಾರಣ ಇಲ್ಲದೇ ತಪ್ಪಿಸುತ್ತಾರೆ, ಅವರ ಮೇಲೆ ನನಗೆ ಸಿಟ್ಟು ಬರುತ್ತದೆ, ಗ್ರೂಪಿಗೆ ಹಾಕುವುದಿಲ್ಲ ಅಷ್ಟೇ. ಕಪಾಟಿನ ಕೀ ಇನ್ನೂ ಆ ಹುಡುಗನ ಬ್ಯಾಗಿನಲ್ಲೇ ಇದೆ. ಡೂಪ್ಲಿಕೇಟ್ ಮಾಡಿಸಬೇಕೆಂದು ಕಮಿಟಿಯಲ್ಲಿ ಮೂರು ಸಲ ಠರಾವು ಆಗಿದೆ.